ಬಾಲಕ್ಕೆ ಕೋಡಿಟ್ಟ ಮೇಸ್ತ್ರಿ

ಆ ದಿನ ಮಧ್ಯಾಹ್ನ ನಾನು ಮದುವೆ ಮನೆಯವರ ಜಂಪರಿಗೆ ತೋಳು ಕೂಡಿಸುತ್ತ ಕುಳಿತಿದ್ದೆ. ಪಕ್ಕದ ಅಂಗಡಿಯ ನನ್ನ ದೋಸ್ತ ಎಂದಿನಂತೆ ಚಪ್ಪಲಿ ಬಿಡದೆ ಅಂಗಡಿಯೊಳಗೆ ಬಂದು, ಹೊಲಿಗೆ ಯಂತ್ರದ ಮೇಲೆ, ಸರಿಯಾಗಿ ಆ ಜಂಪರಿನ ಮೇಲೆಯೇ, ತನ್ನ ಡ್ರೋನಿನ ಬಾಲವನ್ನು ಇಟ್ಟ. ಎತ್ತಿನ ಕೋಡಿನಂತೆ ಎರಡು ಕಡೆ ವಾಲಿ ಮೇಲೆದ್ದ ಬಾಲ. ಎಡಗಡೆಯದು ಬುಡದಲ್ಲಿ ಸಡಿಲಾಗಿತ್ತು.

"ಮೇಣದ ದಾರ ಸುತ್ತಿ ಬಿಗಿ ಮಾಡಿ ಕೊಡು" ಎಂದ.

"ನಾಳಿ ಕೊಡ್ತೇನಿ. ಇವತ್ತ ಈ ಜಂಪರ ಮುಗೀಬೇಕು."

"ಟೇಲರನ ನಾಳಿ ನನಗೂ ಹೇಳ್ತೀಯೇನ್ಲೇ? ಊರ ಮಂದಿಗೆ ಹೇಳೂದ ಹೇಳ್ತಿ, ದೋಸ್ತಗೂ?"

"ನಿನಗ ಖರೇನ ನಾಳಿ."

"ಮುಂಜಾನೆ ಏಳಕ್ಕ ಬರ್ತೇನಿ. ಇನ್ನ ಎರಡ ಸಾಲ ಕೊಯ್ಯೂದ ಉಳದೈತಿ. ಅದರಾಗಿನ ಹಣ್ಣ ಗಿಳಿ ತಿಂದ್ರ, ನಿನ್ನ ಹೆಸರ ಹೇಳಿ ತಿಂತಾವ ನೋಡ."

ನನ್ನ ಚಹಾದಲ್ಲಿ ಅರ್ಧ ಕುಡಿದು ಹೋದ. ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲೇ, ಮನೆಯ ಮುಂದಿನ ತೊಟ್ಟಿಯಲ್ಲಿ ಮುಖ ತೊಳೆಯುವಾಗ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಸುದ್ದಿ ಬಂತು. ದಾರ ಸುತ್ತಿದ ಬಾಲ ಯಂತ್ರದ ಮೇಲೆ ಸಿದ್ಧವಾಗಿತ್ತು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಹೇಳಿದ ವೇಳೆಗೆ ಮುಗಿಸಿದ ಮೊದಲ ಕೆಲಸ ಅದು.

ಅವನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ನಮ್ಮ ಐನಾಪುರದಲ್ಲೇ ಅರ್ಧ ಮಂದಿಗೆ ಯಾರೆಂದು ತಿಳಿಯುವುದಿಲ್ಲ. ಎಲ್ಲರಿಗೂ ಅವನು ಮೇಸ್ತ್ರಿ. ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ನನ್ನ ಅಂಗಡಿಗೂ ಅವನ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹೊಳೆದಂಡೆಯಿಂದ ನೀರು ಎತ್ತುವ ಮೋಟಾರುಗಳು ಸುಟ್ಟರೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಅವನ ಬಳಿಗೇ ತರುತ್ತಿದ್ದರು. ಸುತ್ತಿ ಮುಗಿಸಿದ ಮೋಟಾರನ್ನು ಚಾಲೂ ಮಾಡಿ, ಸ್ಕ್ರೂ ಡ್ರೈವರಿನ ತುದಿಯನ್ನು ಅದಕ್ಕೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದ. "ನಗಾಕತ್ತೈತಿ, ಒಯ್ರಿ" ಅನ್ನುತ್ತಿದ್ದ. ಇಲ್ಲವೇ "ಇನ್ನೂ ಅಳಾಕತ್ತೈತಿ, ಬಿಟ್ಟ ಹೋಗ್ರಿ" ಅನ್ನುತ್ತಿದ್ದ. ಒಮ್ಮೆ ನನಗೆ ಜ್ವರ ಬಂದಾಗ ಅದೇ ಸ್ಕ್ರೂ ಡ್ರೈವರನ್ನು ನನ್ನ ಎದೆಗೆ ಹಚ್ಚಿ ಕೇಳಿದ್ದ. "ಬೇರಿಂಗ್ ಚಲೋ ಅದಾವು" ಎಂದಿದ್ದ. ತನ್ನ ಎದೆಗೆ ಎಂದೂ ಹಚ್ಚಿಕೊಂಡವನಲ್ಲ.

ತಂತಿಯ ಸುತ್ತುಗಳನ್ನು ಎಣಿಸುವಾಗ ಅವನನ್ನು ಮಾತಾಡಿಸುವಂತಿರಲಿಲ್ಲ. ಎಣಿಕೆ ತಪ್ಪಿದರೆ ಮೋಟಾರು ಕೆಡುತ್ತದೆ. ಸತ್ತಿ ಎಂಬ ಊರಿನ ರೈತರೊಬ್ಬರಿಗೆ ಅದು ತಿಳಿದಿರಲಿಲ್ಲ.

"ಮೇಸ್ತ್ರಿ, ನಮ್ಮ ಮೋಟಾರ ಯಾವಾಗ ಕೊಡ್ತೀರಿ?"

"ನಲವತ್ತೆರಡು."

"ನಲವತ್ತೆರಡ ದಿನಾನ? ಕಬ್ಬ ಒಣಗಿ ಹೊಕ್ಕೈತ್ರೀ!"

"ನಲವತ್ಮೂರು."

"ಯಪ್ಪಾ, ಬಾಯಿ ತೆಗದ್ರ ಒಂದ ದಿನ ಹೆಚ್ಚ ಮಾಡಾಕತ್ತೀರಲ್ಲ!" ಎಂದು ಅವರು ನನ್ನ ಅಂಗಡಿಗೆ ಓಡಿ ಬಂದು, ನೀವಾದರೂ ಹೇಳಿರಿ ಎಂದು ಕೈ ಮುಗಿದಿದ್ದರು.

ಇಂಥವನು ಡ್ರೋನು ಕಟ್ಟಲು ಹೊರಟದ್ದು ಹೆಂಡತಿಯ ಗಂಟಲಿಗಾಗಿ.

ಅವನ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಊರ ಹೊರಗೆ ಅವರಿಗೆ ಒಂದೂವರೆ ಎಕರೆ ದ್ರಾಕ್ಷಿ ತೋಟ. ನೋಡಿಕೊಳ್ಳುವವರು ವೈನಿಯೇ. ಹಣ್ಣಿಗೆ ಸಿಹಿ ಏರುವ ಹೊತ್ತಿಗೆ ಗಿಳಿ, ಗೊರವಂಕಗಳ ಹಿಂಡು ಇಳಿಯುತ್ತವೆ. ಆಗ ಎಲ್ಲ ತೋಟಗಳಲ್ಲೂ ಕೆಲಸವಿರುವುದರಿಂದ ಹಕ್ಕಿ ಓಡಿಸಲು ಆಳು ಸಿಗುವುದಿಲ್ಲ. ವೈನಿ ಬೆಳಗಿನಿಂದ ಸಂಜೆಯವರೆಗೆ ಡಬ್ಬ ಬಡಿಯುತ್ತ ಕೂಗುತ್ತಿದ್ದರು. ಅವರ ಕೂಗಿಗೆ ನಾಲ್ಕು ತೋಟದಾಚೆಯ ಹಕ್ಕಿಗಳೂ ಏಳುತ್ತಿದ್ದವು. ಹಾಗೆ ವರ್ಷ ವರ್ಷ ಕೂಗಿ ಕೂಗಿ ಗಂಟಲಲ್ಲಿ ಗಂಟಾಯಿತು. ದೀಪಾವಳಿ ಮುಗಿದ ಮೇಲೆ ಮೇಸ್ತ್ರಿ ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಇನ್ನು ಕೂಗಿದರೆ ದನಿ ಪೂರ್ತಿ ಹೋಗುತ್ತದೆ, ಮಾತಾಡಲೇಬೇಕಾದರೆ ಮೆಲ್ಲಗೆ ಒಂದೆರಡು ಮಾತು ಮಾತ್ರ, ಎಂದು ಡಾಕ್ಟರು ಹೇಳಿದರು. ವೈನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಹೀಗಾಗಿ ಮಾತೇ ಬಿಟ್ಟರು.

ಮೇಸ್ತ್ರಿ ತಿರುಗಿ ಬರುವ ಬಸ್ಸಿನಲ್ಲೇ ಮಾತು ಕೊಟ್ಟನಂತೆ: "ಈ ಹಂಗಾಮಿಗೆ ನೀ ಒಂದ ಸಲಾನೂ ಕೂಗಬ್ಯಾಡ. ಹಕ್ಕಿ ನಾ ನೋಡ್ಕೋತೇನಿ." ಅವನ ದನಿ ಮೊದಲಿನಿಂದಲೂ ಸಣ್ಣದು. ತೋಟದಲ್ಲಿ ನಿಂತು ಒಂದು ಸಲ ಕೂಗಿ ನೋಡಿದ. ಗಿಳಿಗಳು ಇನ್ನಷ್ಟು ಹತ್ತಿರ ಬಂದು ಕುಳಿತವು.

ಆಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದು ಮೊಬೈಲು ಹಿಡಿದ. ಅದರಲ್ಲಿ ಪುಣೆಯ ತರುಣನೊಬ್ಬ ಮನೆಯಲ್ಲೇ ಕಟ್ಟಿದ ಡ್ರೋನನ್ನು ತೋರಿಸುತ್ತಿದ್ದ. ಮುಂದೆ ಎರಡು ಉದ್ದನೆಯ ಕೈ, ಅವು ಅಗಲ. ಹಿಂದೆ ಎರಡು ಗಿಡ್ಡ ಕೈ, ಅವು ಒಂದಕ್ಕೊಂದು ಹತ್ತಿರ, ಮೇಲೆ ಹೊರಗಡೆಗೆ ವಾಲಿದವು. ನಾಲ್ಕರ ತುದಿಯಲ್ಲೂ ಪೇರಲಕಾಯಿಯಷ್ಟು ಮೋಟಾರು. ಬಾಲ ಹೀಗೆ ವಿ ಆಕಾರದಲ್ಲಿದ್ದರೆ ಡ್ರೋನು ಬೇಗ ತಿರುಗುತ್ತದಂತೆ. ಸಾಲಿನ ತುದಿಗೆ ಹೋಗಿ ಗರಕ್ಕನೆ ಹೊರಳಬೇಕಾದ ತೋಟಕ್ಕೆ ಇದೇ ಸರಿ ಎಂದ.

"ನನಗ್ಯಾಕ ತೋರಸ್ತಿ?" ಎಂದೆ.

"ಇದಕ್ಕ ವಿ-ಟೇಲ್ ಅಂತಾರ. ಟೇಲ್ ಅಂದಮ್ಯಾಲ ಟೇಲರ್ ಬೇಕ ಬೇಕಲ್ಲ. ಎದ್ದೇಳು."

ಅಷ್ಟರಲ್ಲಿ ಆ ತರುಣ ಮರಾಠಿಯಲ್ಲಿ "ವಿ-ಟೇಲ್ ಕ್ವಾಡ್" ಎಂದ. ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಮತ್ತೆ ಅದನ್ನೇ ಹಾಕಿ ಕೇಳಿದ. ಪುಸ್ತಕದಲ್ಲಿ ಕೋಡು ಎಂದು ಬರೆಯುವುದನ್ನು ನಮ್ಮ ಕಡೆ ಬಾಯಲ್ಲಿ ಕ್ವಾಡ ಅನ್ನುತ್ತೇವೆ.

"ಕೇಳಿದಿ? ಕ್ವಾಡ ಅಂದಾ! ಮರಾಠಿ ಮನಶ್ಯಾ ಶಿಂಗ ಅನಬೇಕಾಗಿತ್ತು. ಅವಗ ಗೊತ್ತಿಲ್ದ ಕ್ವಾಡ ಅಂದಾನ. ಅಂದ್ರ ಈ ವಿದ್ಯಾ ನಮ್ಮ ಕಡೇಲಿಂದ ಹೋಗೇತಿ. ಯಾರೋ ಎತ್ತಿನ ಕ್ವಾಡ ನೋಡೇ ಇದನ್ನ ಮಾಡ್ಯಾರ."

ನನಗೂ ಹೌದೆನ್ನಿಸಿತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು.

ಕೋಡು ನೋಡಿ ಮಾಡಿದ್ದಾದರೆ ಅಳತೆಯನ್ನೂ ಕೋಡಿನಿಂದಲೇ ತೆಗೆದುಕೊಳ್ಳಬೇಕಲ್ಲ. ಮರುದಿನವೇ ಸತ್ತಿಗೆ ಹೋದೆವು. ನಲವತ್ತೆರಡು ದಿನಕ್ಕೆ ಹೆದರಿದ್ದ ಆ ರೈತರ ಮನೆಯಲ್ಲಿ ಒಳ್ಳೆಯ ಖಿಲಾರಿ ಎತ್ತುಗಳಿದ್ದವು. ಮೇಸ್ತ್ರಿ ಒಂದರ ಮೂಗುದಾರ ಹಿಡಿದು ನಿಂತ. ನಾನು ಕೊರಳಿನ ಟೇಪು ತೆಗೆದು ಕೋಡಿನ ಉದ್ದ, ಬುಡದ ಸುತ್ತು, ತುದಿಯಿಂದ ತುದಿಗೆ ಅಗಲ ಅಳೆದೆ. ಆಮೇಲೆ ಎತ್ತಿನ ಹಣೆಗೆ ಕಾಗದ ಹಿಡಿದು, ಎರಡೂ ಕೋಡು ವಾಲಿದ ರೀತಿಯನ್ನು ಗುರುತಿನ ಸೀಮೆಸುಣ್ಣದಿಂದ ಎಳೆದುಕೊಂಡೆ. ಎತ್ತು ನನ್ನ ಕಾಗದದ ಒಂದು ಮೂಲೆ ತಿಂದಿತು. ರೈತರು ಹತ್ತಿರ ಬಂದರು.

"ಒಂದ ಮಾತ ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದರು. "ಎತ್ತಿಗೆ ಟೊಪಗಿ ಹೊಲ್ಯಾಕತ್ತೀರೇನ್ರಿ?"

"ವಿಮಾನ ಮಾಡಾಕತ್ತೇವಿ" ಎಂದ ಮೇಸ್ತ್ರಿ.

ಅವರು ಎತ್ತಿನ ಹಗ್ಗ ಬಿಚ್ಚಿಕೊಂಡು ಮೆಲ್ಲಗೆ ಒಳಗೆ ಹೋದರು.

ಕಾಲೇಜಿಗೆ ಹೋಗುವ ನನ್ನ ಮಗಳು ಆ ಕಾಗದ ನೋಡಿ, ಕಾರಣ ಕೇಳಿ, ನಕ್ಕು ನಕ್ಕು ನೆಲಕ್ಕೆ ಕುಳಿತಳು. "ಕಾಕಾ, ಕ್ವಾಡ್ ಅಂದ್ರ ನಾಕ. ನಾಕ ಮೋಟಾರ ಅದಾವಲ್ಲ, ಅದಕ್ಕ."

ಮೇಸ್ತ್ರಿ ಸೋಲಲಿಲ್ಲ. "ಹೌದಲ್ಲವಾ. ಒಂದ ಜೋಡಿ ಎತ್ತಿಗೆ ಕ್ವಾಡ ಎಷ್ಟ?"

"ನಾಕ."

"ಮತ್ತ? ನಾನೂ ಅದ ಹೇಳಾಕತ್ತೇನಿ!"

ಮೊದಲ ಚೌಕಟ್ಟನ್ನು ದ್ರಾಕ್ಷಿ ಚಪ್ಪರದ ಕಬ್ಬಿಣದ ಪಟ್ಟಿಯಿಂದ ಕಟ್ಟಿದ. ಗಟ್ಟಿಯಾಗಿರಲಿ ಎಂದು ಎರಡು ಕಡೆ ಬೆಸುಗೆಯನ್ನೂ ಹಾಕಿದ. ಚಾಲೂ ಮಾಡಿದಾಗ ಅಂಗಳದ ಧೂಳೆಲ್ಲ ಎದ್ದಿತು, ಡ್ರೋನು ಏಳಲಿಲ್ಲ. ನಾವಿಬ್ಬರೂ ಕೆಮ್ಮುತ್ತ ನಿಂತಿದ್ದೆವು. ವೈನಿ ಒಳಗಿನಿಂದ ಬುಟ್ಟಿ ತಂದು, ಆ ಗಾಳಿಗೆ ಜೋಳ ತೂರಿಕೊಂಡು ಹೋದರು.

ಹಗುರ ಲೋಹ ಬೇಕಾಯಿತು. ಅದೇ ವಾರ ಅಕ್ಕೋಳದಲ್ಲಿ ನನ್ನ ತಂಗಿಯ ಮನೆಯಲ್ಲಿ ಬಸುರಿ ಸೊಸೆಯ ಕುಬಸವಿತ್ತು. ಅವನನ್ನೂ ಕರೆದುಕೊಂಡು ಹೋದೆ. ಉಡಿ ತುಂಬುವ ಹೊತ್ತಿಗೆ ಮಾಳಿಗೆಯ ಮೇಲೆ ಧಡಧಡ ಸದ್ದಾಯಿತು. ತಂಗಿಯ ಅತ್ತೆ "ಮಂಗ್ಯಾ ಬಂದೈತಿ, ಹೊಡೀರಿ" ಎಂದು ನನ್ನ ಕೈಗೆ ಕೋಲು ಕೊಟ್ಟು ಕಳಿಸಿದರು. ಹೋಗಿ ನೋಡಿದರೆ ಮೇಸ್ತ್ರಿ ಹಳೆಯ ಟಿ.ವಿ. ಆಂಟೆನಾ ತಬ್ಬಿಕೊಂಡು ನಟ್ಟು ಬಿಚ್ಚುತ್ತಿದ್ದ.

"ಇದ ಅಲ್ಯೂಮಿನಿಯಮ್ಮ! ಇಪ್ಪತ್ತ ವರ್ಷ ಕಾಗಿ ಕೂಡಸಾಕ ಇಟ್ಟಾರ. ಕೇಳ, ಕೊಡ್ತಾರೇನ?"

ಆ ಅತ್ತೆ ಕೊಟ್ಟರು. ಕೊಡದಿದ್ದರೆ ಇವನು ಕೆಳಗೆ ಇಳಿಯುವಂತೆ ಕಾಣಲಿಲ್ಲ. ನಿಪ್ಪಾಣಿ ದಾಟಿ, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಆಂಟೆನಾವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಂದ. ಇಳಿಯುವವರೆಲ್ಲ ಅದರ ಕೆಳಗೆ ಬಗ್ಗಿ ಇಳಿದರು.

ಆ ಕೊಳವೆಗಳಿಂದ ಎರಡನೆಯ ಚೌಕಟ್ಟಾಯಿತು. ನಡುವಿಗೆ ನನ್ನ ಕತ್ತರಿಸುವ ಮೇಜಿನ ಪ್ಲೈವುಡ್ಡಿನ ಒಂದು ತುಂಡು ಹೋಯಿತು. ಇಂದಿಗೂ ಆ ಮೇಜಿಗೆ ಒಂದು ಮೂಲೆಯಿಲ್ಲ. ಬಾಲವನ್ನು ನನ್ನ ಕಾಗದದ ಮೇಲಿಟ್ಟು ಅದೇ ವಾಲಿಗೆ ಬಗ್ಗಿಸಿದ. ಮೋಟಾರು, ಬ್ಯಾಟರಿ, ರಿಮೋಟು ಪುಣೆಯಿಂದ ಕೊರಿಯರಿನಲ್ಲಿ ಬಂದವು. ಹಿಂದಿನ ಎರಡು ಮೋಟಾರು ವಾಲಿ ನಿಂತದ್ದರಿಂದ ಅವುಗಳ ಅರ್ಧ ಬಲ ಅಕ್ಕಪಕ್ಕಕ್ಕೇ ಹೋಗಿ, ಎದ್ದಾಗ ಹಿಂಭಾಗ ಕುಸಿಯುತ್ತಿತ್ತು. ಬ್ಯಾಟರಿಯನ್ನು ಬೆರಳಷ್ಟು ಬೆರಳಷ್ಟೇ ಮುಂದೆ ಸರಿಸುತ್ತ ಹೋದ. ಒಂದು ಮೋಟಾರು ಸುಟ್ಟಾಗ ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡು, ಕೂದಲಿನಂಥ ತಂತಿಯಿಂದ ಅದನ್ನೂ ಸುತ್ತಿ ಜೀವ ಕೊಟ್ಟ. ಸ್ಕ್ರೂ ಡ್ರೈವರು ಹಚ್ಚಿ ಕೇಳಲು ಹೋದರೆ ಮೋಟಾರಿಗಿಂತ ಸ್ಕ್ರೂ ಡ್ರೈವರೇ ದೊಡ್ಡದಾಗಿತ್ತು.

ಕೊನೆಗೆ ಬಾಲಕ್ಕೆ ಹುರಮಂಜ ಹಚ್ಚಿದ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುವ ಅದೇ ಕೆಂಪು ಬಣ್ಣ. ಕೆಡಿಸಿದ್ದು ಅದೇ.

ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಮೊದಲ ಹಾರಾಟ. ವೈನಿ ಬದುವಿನ ಮೇಲೆ ನಿಂತಿದ್ದರು. ಡ್ರೋನನ್ನು ನೆಲಕ್ಕಿಟ್ಟು ಮೇಸ್ತ್ರಿ ಹಿಂದೆ ಬಂದು ರಿಮೋಟು ಹಿಡಿದ. ಅದು ಎದೆಯೆತ್ತರಕ್ಕೆ ಎದ್ದಿತು. ನನ್ನ ಕಣ್ಣಲ್ಲಿ ನೀರು ಬಂತು. ಮುಂದೆ ಹೋಗಲಿ ಎಂದು ಅವನು ಕಡ್ಡಿ ಮುಂದೊತ್ತಿದ. ಡ್ರೋನು ಸೀದಾ ಅವನ ಮೇಲೆಯೇ ಬಂತು. ಹೆದರಿ ಇನ್ನೂ ಮುಂದೊತ್ತಿದ. ಅದು ಇನ್ನೂ ಜೋರಾಗಿ ಬಂತು. ಮೇಸ್ತ್ರಿ ರಿಮೋಟಿನ ಸಮೇತ ಓಡತೊಡಗಿದ, ಹೆಬ್ಬೆರಳು ಮಾತ್ರ ಮುಂದೊತ್ತಿಯೇ ಇತ್ತು.

"ಬಿಡಲೇ ಅದನ್ನ! ಹೆಬ್ಬಟ್ಟ ತಗೀ!" ಎಂದು ನಾನು ಕೂಗಿದೆ.

"ಹಾಯಾಕ ಬರಾಕತ್ತೈತ್ಲೇ! ಯವ್ವಾ!"

ಅವನು ಬದುವಿನಾಚೆ ಬಿದ್ದ. ಡ್ರೋನು ಅವನ ಬೆನ್ನ ಮೇಲೆ ಇಳಿಯಿತು.

ಆದದ್ದು ಇಷ್ಟೇ. ಕೆಂಪು ಕೋಡು ಕಂಡ ಕಡೆಗೆ ಮುಖ ಎಂದುಕೊಂಡು ಅವನು ಅದನ್ನು ತಿರುವಿ ಇಟ್ಟಿದ್ದ. ತಾನೇ ಕಟ್ಟಿದ ಬಾಲ ಎಂಬುದು ಅವನಿಗೆ ನೆನಪಿರಲಿಲ್ಲ. ನನಗೂ ಇರಲಿಲ್ಲ. ಎತ್ತು ಕಟ್ಟಿದ ಮನೆಗಳಲ್ಲಿ ಬೆಳೆದವರು ಕೋಡು ಇರುವ ಕಡೆಯನ್ನು ಹಿಂಭಾಗ ಎಂದು ನಂಬುವುದು ಹೇಗೆ? ವೈನಿ ಬದುವಿನ ಮೇಲೆ ಕುಳಿತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ದನಿಯಿಲ್ಲದೆ ಮೈಯೆಲ್ಲ ಅಲುಗುವಂತೆ ನಗುತ್ತಿದ್ದರು. ಅದನ್ನು ನೋಡಿ ಮೇಸ್ತ್ರಿ ಮಲಗಿದಲ್ಲಿಂದಲೇ ಬೆರಳೆತ್ತಿ ಎಚ್ಚರಿಸಿದ: "ನಗು, ಆದ್ರ ಆವಾಜ ಮಾಡಬ್ಯಾಡ! ಡಾಕ್ಟರ್ ಏನಂದಾರ?"

ಬಣ್ಣ ಅಳಿಸಿಬಿಡೋಣ ಎಂದೆ. ಒಪ್ಪಲಿಲ್ಲ. ಎರಡು ದಿನ ಯೋಚಿಸಿ, ನನ್ನಿಂದ ಕೆಂಪು ರಿಬ್ಬನ್ನು ಹೊಲಿಸಿಕೊಂಡು, ಮುಂದಿನ ಎರಡು ಕೈಗಳ ನಡುವೆ ಕಟ್ಟಿದ. "ಇದ ಮೂಗುದಾರ. ಮೂಗ ಇದ್ದಲ್ಲೆ ಮಾರಿ. ಇನ್ನ ತಪ್ಪೂದಿಲ್ಲ." ನಿಜವಾಗಿಯೂ ತಪ್ಪಲಿಲ್ಲ. ನನಗೂ ಹಾರಿಸಲು ಕಲಿಸಿದ. "ಮಿಷಿನ್ ಪೆಡಲ್ ಇದ್ದಂಗ. ಒಮ್ಮಿಕ್ಲೆ ತುಳದ್ರ ದಾರ ಹರೀತೈತಿ" ಎಂದ. ಬೇರೆ ಯಾರು ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಹಣ್ಣಿಗೆ ಸಿಹಿ ಏರುವ ಹೊತ್ತಿಗೆ ಡ್ರೋನು ಸಾಲುಗಳ ಮೇಲೆ ಓಡಾಡತೊಡಗಿತು. ಸಾಲಿನ ತುದಿಗೆ ಹೋದದ್ದು ಹೊಲದಲ್ಲಿ ಗಳೆ ಹೊಡೆಯುವ ಎತ್ತಿನಂತೆ ಹೊರಳಿ ಬರುತ್ತಿತ್ತು. ಗಿಳಿಗಳು ಮೊದಲ ದಿನ ನೋಡಿದವು, ಎರಡನೆಯ ದಿನ ಬೈದವು, ಮೂರನೆಯ ದಿನದಿಂದ ಪಕ್ಕದವರ ತೋಟಕ್ಕೆ ಹೋದವು. ನಗುತ್ತಿದ್ದ ಪಕ್ಕದವರು "ನಮಗೂ ಒಂದ ಮಾಡಿ ಕೊಡ್ರಿ ಮೇಸ್ತ್ರಿ" ಎಂದು ಬಂದರು. ಆಗ ಇವನು ಒಂದು ಮೋಟಾರಿನ ಮುಂದೆ ಕುಳಿತಿದ್ದ. "ಎಂಬತ್ತೊಂಬತ್ತು" ಎಂದ.

ಆ ಹಂಗಾಮು ಪೂರ್ತಿ ವೈನಿ ಕೂಗಲಿಲ್ಲ. ಚಪ್ಪಾಳೆಯಲ್ಲೇ ಸಂಸಾರ ನಡೆಯಿತು. ಒಂದು ಚಪ್ಪಾಳೆಗೆ ಇಲ್ಲಿ ಬಾ, ಎರಡಕ್ಕೆ ಹಕ್ಕಿ ಬಂದಿವೆ, ಮೂರಕ್ಕೆ ಊಟ. ಬಿಡದೆ ಬಡಿದರೆ ಬೈಗುಳ. ಬಿಡದೆ ಬಡಿಯುವುದೇ ಹೆಚ್ಚಾಗಿತ್ತು. ಮೇಸ್ತ್ರಿ ದಿನಕ್ಕೊಮ್ಮೆ ನನ್ನ ಮುಂದೆ ಅದನ್ನೇ ಹೇಳುತ್ತಿದ್ದ: "ಮಿರಜಿಗೆ ಮತ್ತ ತೋರಸೂದ ಐತಿ. ಗಂಟ ಕರಗಿರಬೇಕ ನೋಡ. ಆಕಿ ಒಮ್ಮೆ ಜೋರಲೆ ಬೈದ ಬಿಟ್ರ ನಾ ಗೆದ್ದಂಗ."

ಕೊಯ್ಲಿಗೆ ಎರಡು ಸಾಲು ಉಳಿದಿರುವಾಗ ಅವನು ಹೋದ.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕುಳಿತು ಅವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ಆ ಬೆಳಿಗ್ಗೆಯೂ ಹತ್ತು ಮಂದಿ ಸೇರಿದ್ದರು. ವೈನಿ ಅವನ ತಲೆಯ ಬಳಿ ಕುಳಿತು ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ನಾನು, ಏನು ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ, ಅಂದುಬಿಟ್ಟೆ: "ವೈನಿ, ಕೂಗಬ್ಯಾಡ್ರಿ. ದನಿ ಹೊಕ್ಕೈತಿ."

ಮುದುಕಿಯೊಬ್ಬರು ತಿರುಗಿದರು. "ಗಂಡನ ಹೋಗ್ಯಾನ. ಇನ್ನ ದನಿ ಇಟಗೊಂಡ ಏನ ಮಾಡ್ತಾಳೋ, ಬುದ್ಧಿಗೇಡಿ!"

ವೈನಿ ನನ್ನನ್ನು ನೋಡಿದರು. ಬಾಯಿ ಮುಚ್ಚಿದರು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಣ್ಣಿಗೆ ಒಯ್ಯುವವರೆಗೂ ಹಾಗೆಯೇ ಕುಳಿತರು. ನಾನು ಅಂದದ್ದು ಸರಿಯೋ ತಪ್ಪೋ ಎಂದು ಬಹಳ ದಿನ ಯೋಚಿಸಿದ್ದೇನೆ. ಇಂದಿಗೂ ಗೊತ್ತಾಗಿಲ್ಲ. ಉಳಿದ ಎರಡು ಸಾಲಿನ ಹಣ್ಣನ್ನು ಗಿಳಿಗಳು ತಿಂದವು. ಯಾರೂ ತಡೆಯಲಿಲ್ಲ.

ಮಳೆಗಾಲದಲ್ಲಿ ವೈನಿಯನ್ನು ನಾನು, ನನ್ನ ಹೆಂಡತಿ ಮಿರಜಿಗೆ ಕರೆದುಕೊಂಡು ಹೋದೆವು. ಗಂಟು ಕರಗಿದೆ, ಇನ್ನು ಮಾತಾಡಬಹುದು ಎಂದರು ಡಾಕ್ಟರು. ಆದರೂ ವೈನಿ ಮಾತಾಡುತ್ತಿದ್ದದ್ದು ಕಡಿಮೆ, ಅದೂ ಮೆಲ್ಲಗೆ. ಬಾರದಿದ್ದ ಆ ವಿದ್ಯೆಯನ್ನು ಅಷ್ಟರಲ್ಲಿ ಕಲಿತಿದ್ದರು.

ಈ ಹಂಗಾಮಿಗೆ ಬೆಳಗಿನ ಹೊತ್ತು ಅಂಗಡಿ ಮುಚ್ಚಿ ನಾನು ತೋಟಕ್ಕೆ ಹೋಗಿ ಡ್ರೋನು ಹಾರಿಸುತ್ತೇನೆ. ಅವನಷ್ಟು ಚೆನ್ನಾಗಿ ಬರುವುದಿಲ್ಲ. ಮೂರು ಸಲ ಚಪ್ಪರದ ತಂತಿಗೆ ಸಿಕ್ಕಿಸಿದ್ದೇನೆ. ಹೋದ ವಾರ ತೋಟದ ಆ ತುದಿಯಲ್ಲಿದ್ದೆ. ಹೊತ್ತು ನೆತ್ತಿಗೆ ಬಂದಿತ್ತು. ಈ ತುದಿಯ ಪತ್ರಾಸ್ ತಗಡಿನ ಶೆಡ್ಡಿನ ಮುಂದೆ ನಿಂತು ವೈನಿ ಕೂಗಿದರು:

"ಅಣ್ಣಾ! ಊಟಕ್ಕ ಬರ್ರೀ!"

ಪಕ್ಕದ ತೋಟದ ಬೇವಿನ ಮರದಿಂದ ಹಕ್ಕಿಗಳು ಒಟ್ಟಿಗೆ ಎದ್ದವು. ನಾನು ಗಾಬರಿಯಾಗಿ ಡ್ರೋನನ್ನು ಕಾಲುವೆಯ ಬದಿಗೆ ಇಳಿಸಿಬಿಟ್ಟೆ. ಬಂದು ನೋಡಿದರೆ ವೈನಿ ಗಂಟಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಅಲ್ಲೀತನ ಕೇಳಿಸ್ತೇನ್ರೀ?"

"ಕೇಳಿಸ್ತ್ರೀ ವೈನಿ. ಕೆನಾಲ್‌ದಾಚೆಗೂ ಕೇಳಿಸಿರಬೇಕು."

ತಲೆ ಆಡಿಸಿ ರೊಟ್ಟಿ ಬಡಿಸಿದರು. ಇಬ್ಬರೂ ಉಂಡೆವು.

ಆ ದನಿ ಪೂರ್ತಿ ತಿರುಗಿ ಬಂದಿದೆ. ಅವನು ಅದನ್ನು ಕೇಳಿಲ್ಲ.